ಹರ್ನಿಯಾ ಗೆಲ್ಲುವ ಎಂಟು ಸೂತ್ರಗಳು

ಪೀಣ್ಯದಲ್ಲಿ ಮೂಟೆ, ಕಬ್ಬಿಣ ಎತ್ತುವವರಿಗೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಕೂತು ಹೊಟ್ಟೆ ಬೆಳೆಸಿಕೊಂಡವರಿಗೂ ಹರ್ನಿಯಾ ಬರುತ್ತದೆ. ಹೊಟ್ಟೆಯ ಗೋಡೆ ಸಡಿಲವಾದ ಕಡೆ ಒಳಗಿನ ಕೊಬ್ಬೋ ಕರುಳೋ ಹೊರಗೆ ಉಬ್ಬುತ್ತದೆ. ದೊಡ್ಡವರಲ್ಲಿ ಆ ತೂತು ಮಾತ್ರೆ, ಕಷಾಯ, ಆಸನಗಳಿಂದ ಮುಚ್ಚುವುದಿಲ್ಲ. ಆಪರೇಷನ್ನಿನ ದಿನವನ್ನು ನೀವು ಗೊತ್ತುಮಾಡುತ್ತೀರೋ, ಹರ್ನಿಯಾವೇ ಗೊತ್ತುಮಾಡುತ್ತದೋ ಎಂಬುದಷ್ಟೇ ಪ್ರಶ್ನೆ.

1. ಉಬ್ಬು ಎಲ್ಲಿದೆ, ನೋಡಿಕೊಳ್ಳಿ
ತೊಡೆಸಂದಿಯಲ್ಲಿದ್ದರೆ ಇಂಗ್ವೈನಲ್, ಗಂಡಸರಲ್ಲಿ ಇದೇ ಹೆಚ್ಚು. ಅದಕ್ಕಿಂತ ಸ್ವಲ್ಪ ಕೆಳಗೆ, ತೊಡೆಯ ಬುಡದಲ್ಲಿದ್ದರೆ ಫೆಮೊರಲ್. ಹೆಂಗಸರಲ್ಲಿ ಹೆಚ್ಚು, ಅಪಾಯವೂ ಹೆಚ್ಚು. ಹೊಕ್ಕುಳಲ್ಲಿದ್ದರೆ ಅಂಬಿಲಿಕಲ್, ಬೊಜ್ಜು, ಹೆರಿಗೆಗಳು ಅದಕ್ಕೆ ದಾರಿ. ಹೊಕ್ಕುಳಿಗೂ ಎದೆಗೂಡಿಗೂ ನಡುವೆ ಇದ್ದರೆ ಎಪಿಗ್ಯಾಸ್ಟ್ರಿಕ್. ಸಿಸೇರಿಯನ್ ಅಥವಾ ಬೇರೆ ಆಪರೇಷನ್ನಿನ ಹಳೆಯ ಹೊಲಿಗೆಯಲ್ಲಿ ಉಬ್ಬಿದರೆ ಇನ್ಸಿಷನಲ್. ಕೂಸುಗಳ ಹೊಕ್ಕುಳ ಉಬ್ಬು ಸಾಮಾನ್ಯವಾಗಿ 4–5 ವರ್ಷದೊಳಗೆ ತಾನೇ ಸರಿಹೋಗುತ್ತದೆ, ನಾಣ್ಯ ಇಟ್ಟು ಕಟ್ಟಬೇಡಿ. ಕೂಸಿನ ತೊಡೆಸಂದಿ ಉಬ್ಬಿದ್ದರೆ ಮಾತ್ರ ತಡಮಾಡದೆ ತೋರಿಸಿ.

2. ನಾಚಿಕೆ ಬಿಟ್ಟು ತೋರಿಸಿ
ನಿಂತು ಕೆಮ್ಮಿದಾಗ ಉಬ್ಬಿ, ಮಲಗಿದಾಗ ಒಳಹೋಗುವುದೇ ಮುಖ್ಯ ಗುರುತು. ಹೆಚ್ಚಿನವರಲ್ಲಿ ಸರ್ಜನ್ ಕೈಯಿಂದ ಮುಟ್ಟಿಯೇ ಹೇಳುತ್ತಾರೆ. ಅನುಮಾನವಿದ್ದರೆ ಮಾತ್ರ ಸ್ಕ್ಯಾನ್.

3. ಅಪಾಯದ ಗುರುತು ಬಾಯಿಪಾಠ ಮಾಡಿ
ಉಬ್ಬು ಗಟ್ಟಿಯಾಗಿ ಒಳಹೋಗದಿರುವುದು, ತಡೆಯಲಾರದ ನೋವು, ವಾಂತಿ, ಹೊಟ್ಟೆಯುಬ್ಬರ, ಗ್ಯಾಸೂ ಹೋಗದಿರುವುದು: ಕರುಳು ಸಿಕ್ಕಿಕೊಂಡು ರಕ್ತ ನಿಂತಿರಬಹುದು. ಕೆಲವೇ ಗಂಟೆಗಳಲ್ಲಿ ಕರುಳು ಸಾಯಬಹುದು. ನೀವೇ ಒತ್ತಿ ಒಳತಳ್ಳಬೇಡಿ, ಏನನ್ನೂ ತಿನ್ನಬೇಡಿ, 108ಕ್ಕೆ ಕರೆ ಮಾಡಿ. ರಾತ್ರಿ ಆಪರೇಷನ್ ಮಾಡುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ತಿಳಿದಿಟ್ಟುಕೊಳ್ಳಿ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಹುಡುಕುವ ವಿಷಯ ಅದಲ್ಲ.

4. ಕಾಯುವುದಾದರೆ ಕೇಳಿ ಕಾಯಿರಿ
ನೋವಿಲ್ಲದ ಇಂಗ್ವೈನಲ್ ಹರ್ನಿಯಾ ಇರುವ ಗಂಡಸರು ವೈದ್ಯರ ಕಣ್ಗಾವಲಿನಲ್ಲಿ ಕಾಯಬಹುದು ಎಂದು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಆದರೆ ಹಾಗೆ ಕಾದವರಲ್ಲಿ ಮೂರರಲ್ಲಿ ಎರಡು ಪಾಲು ಜನ 10 ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು, ಮುಖ್ಯವಾಗಿ ನೋವು ತಾಳದೆ. ಫೆಮೊರಲ್ ಹರ್ನಿಯಾಕ್ಕೆ ಈ ಸಡಿಲಿಕೆ ಇಲ್ಲ. ಬೆಲ್ಟು ಕಟ್ಟಿಕೊಂಡರೆ ಉಬ್ಬು ಮರೆಯಾಗುತ್ತದೆ, ವಾಸಿಯಾಗುವುದಿಲ್ಲ.

5. ವಿಧಾನ ಕೇಳಿ ತಿಳಿಯಿರಿ
ದೊಡ್ಡವರಲ್ಲಿ ಸಾಮಾನ್ಯವಾಗಿ ತೂತಿಗೆ ಪಾಲಿಪ್ರೊಪಿಲೀನ್ ಬಲೆ, ಅಂದರೆ ಮೆಶ್, ಹಾಕುತ್ತಾರೆ. ಬರೀ ಹೊಲಿಗೆಗಿಂತ ಇದರಲ್ಲಿ ಮರುಕಳಿಸುವುದು ಕಡಿಮೆ. ಹೊಕ್ಕುಳಿನ ತೀರಾ ಚಿಕ್ಕ ತೂತಿಗೆ ಹೊಲಿಗೆಯೂ ಸಾಕಾಗಬಹುದು. ತೆರೆದ ಆಪರೇಷನ್ನನ್ನು ಆ ಜಾಗವನ್ನಷ್ಟೇ ಮರಗಟ್ಟಿಸಿಯೂ ಮಾಡಬಹುದು. ಲ್ಯಾಪರೋಸ್ಕೋಪಿಗೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕು, ಖರ್ಚೂ ಹೆಚ್ಚು. ಎರಡೂ ಕಡೆ ಹರ್ನಿಯಾ ಇದ್ದರೆ ಅಥವಾ ತೆರೆದ ಆಪರೇಷನ್ ಆದಮೇಲೆ ಮತ್ತೆ ಬಂದಿದ್ದರೆ ಲ್ಯಾಪರೋಸ್ಕೋಪಿ ಅನುಕೂಲ. ನಿಮ್ಮ ಸರ್ಜನ್ ಕೈ ಯಾವುದರಲ್ಲಿ ಹೆಚ್ಚು ಪಳಗಿದೆ ಎಂದು ಕೇಳಲು ಸಂಕೋಚ ಬೇಡ.

6. ಹಣದ ದಾರಿ ಮೊದಲೇ ನೋಡಿ
ತಿಂಗಳಿಗೆ 21,000 ರೂ.ವರೆಗಿನ ಸಂಬಳದವರಿಗೆ ಇಎಸ್‌ಐ ಎಂಬ ಕಾರ್ಮಿಕರ ವಿಮೆ ಇದೆ. ಡಿಸ್ಪೆನ್ಸರಿಯಿಂದ ಶುರುಮಾಡಿ, ಪೀಣ್ಯದಲ್ಲೂ ರಾಜಾಜಿನಗರದಲ್ಲೂ ಇಎಸ್‌ಐ ಆಸ್ಪತ್ರೆಗಳಿವೆ. ವಂತಿಗೆ ಸರಿಯಾಗಿ ಕಟ್ಟಿದ್ದರೆ ಕಾಯಿಲೆ ರಜೆಯ ದಿನಗಳಿಗೆ ಸಂಬಳದ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಐಟಿಯವರೇ, ಕೆಲಸ ಬದಲಿಸುವ ಮುಂಚೆ ಕಂಪನಿ ವಿಮೆ ಓದಿ: ಸ್ವಂತಕ್ಕೆ ಹೊಸದಾಗಿ ತೆಗೆದುಕೊಂಡ ಪಾಲಿಸಿಗಳಲ್ಲಿ ಹರ್ನಿಯಾಕ್ಕೆ ಸಾಮಾನ್ಯವಾಗಿ 2 ವರ್ಷ ಕಾಯಬೇಕು.

7. ದೇಹ ಸಿದ್ಧಮಾಡಿ
ಬೀಡಿ, ಸಿಗರೇಟು ಆಪರೇಷನ್ನಿಗೆ ಕನಿಷ್ಠ 4 ವಾರ ಮುಂಚೆ ನಿಲ್ಲಿಸಿ. ಸಕ್ಕರೆ ಹಿಡಿತದಲ್ಲಿರಲಿ, ತೂಕ ಇಳಿಸಿ. ಬಿಡದ ಕೆಮ್ಮು, ಮಲಬದ್ಧತೆ, ಮೂತ್ರಕ್ಕೆ ತಿಣುಕುವ ತೊಂದರೆಗೆ ಮೊದಲೇ ಔಷಧಿ ಮಾಡಿಸಿ; ಅವು ಉಳಿದರೆ ಹರ್ನಿಯಾ ಮರಳಬಹುದು.

8. ಆತುರ ಬೇಡ, ಅಂಜಿಕೆಯೂ ಬೇಡ
ಆಪರೇಷನ್ನಿನ ಮಾರನೇ ದಿನದಿಂದಲೇ ಓಡಾಡಿ. ಕುರ್ಚಿಯ ಕೆಲಸಕ್ಕೆ ಹೆಚ್ಚಿನವರು 1–2 ವಾರದಲ್ಲಿ ಮರಳುತ್ತಾರೆ. ಭಾರ ಎತ್ತುವವರಿಗೆ, ಜಿಮ್ಮಿಗೆ ಹೋಗುವವರಿಗೆ 4–6 ವಾರ ಬೇಕಾಗಬಹುದು. ಹಗುರ ಕೆಲಸ ಕೊಡಿ ಎಂದು ವೈದ್ಯರಿಂದ ಬರೆಸಿ ಸೂಪರ್‌ವೈಸರ್‌ಗೆ ಕೊಡಿ.

ಮೊದಲೇ ದಿನ ಗೊತ್ತುಮಾಡಿ ಮಾಡಿಸಿದ ಹರ್ನಿಯಾ ಆಪರೇಷನ್ ಸಾಮಾನ್ಯವಾಗಿ ಒಂದೆರಡು ದಿನದ ಆಸ್ಪತ್ರೆವಾಸದ ಕೆಲಸ. ಕರುಳು ಸಿಕ್ಕಿಕೊಂಡ ಮೇಲೆ ಮಾಡಿಸಿದರೆ ಜೀವಕ್ಕೇ ಅಪಾಯ. ಉಬ್ಬು ಕಂಡಿದ್ದರೆ ಈ ವಾರವೇ ಸರ್ಜನ್ ಹತ್ತಿರ ಹೋಗಿ.