ರೋಗಿಯೂ ವೈದ್ಯೆಯೂ ಆದ ದೇವಿ: ಸವದತ್ತಿ ಎಲ್ಲಮ್ಮನ ಕಥನದಲ್ಲಿ ಉಪಶಮನದ ಪರಿಕಲ್ಪನೆ

ಕರ್ನಾಟಕದ ಗ್ರಾಮೀಣ ದೈವಗಳನ್ನು ಕುರಿತ ಅಧ್ಯಯನಗಳಲ್ಲಿ ರೋಗ ಮತ್ತು ಭಕ್ತಿಯ ಸಂಬಂಧ ಮತ್ತೆ ಮತ್ತೆ ಪ್ರಸ್ತಾಪವಾಗುತ್ತದೆ. ಮಾರಿಯಮ್ಮ, ಪ್ಲೇಗಮ್ಮರಂತಹ ದೇವತೆಗಳು ರೋಗವನ್ನು ತರುವವರೂ ತೆಗೆಯುವವರೂ ಆಗಿ ಕಾಣಿಸಿಕೊಳ್ಳುತ್ತಾರೆ. ಆದರೆ ದೇವತೆ ಸ್ವತಃ ರೋಗಕ್ಕೆ ತುತ್ತಾಗಿ, ಊರಿನಿಂದ ಹೊರಬಿದ್ದು, ಗುಣ ಹೊಂದಿ, ಅನಂತರ ಗುಣಪಡಿಸುವವಳಾಗಿ ನೆಲೆನಿಂತ ಕಥನಗಳು ವಿರಳ. ಅಂತಹ ಕಥನವೊಂದು ಬೆಳಗಾವಿ ಜಿಲ್ಲೆಯ ಸವದತ್ತಿಯ ಎಲ್ಲಮ್ಮನದು. ಈ ಕಥನದಲ್ಲಿ ಉಪಶಮನವೆಂಬುದು ಯಾವ ಅರ್ಥದಲ್ಲಿ ಬಂದಿದೆ, ಆಚರಣೆಗೆ ಇಳಿದಾಗ ಆ ಅರ್ಥ ಎಲ್ಲಿ ಪಲ್ಲಟಗೊಂಡಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ನೆಲೆ

ಸವದತ್ತಿಯು ಶಾಸನಗಳ ಸುಗಂಧವರ್ತಿ. ರಟ್ಟರ ರಾಜಧಾನಿಯಾಗಿದ್ದ ಊರು. ಊರಿಗೆ ಸಮೀಪದ ಗುಡ್ಡಸಾಲಿನಲ್ಲಿ ಎಲ್ಲಮ್ಮನ ಗುಡಿಯಿದೆ. ಅದನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕನು ಕಟ್ಟಿಸಿದನೆಂಬ ಹೇಳಿಕೆ ಪ್ರಚಲಿತವಾಗಿದೆ. ಭಕ್ತರ ಬಾಯಲ್ಲಿ ಈಕೆ ‘ಏಳು ಕೊಳ್ಳದ ಎಲ್ಲಮ್ಮ’. ಗುಡಿಯ ಆವರಣದಲ್ಲಿ ಪರಶುರಾಮ, ಮಾತಂಗಿ ಮೊದಲಾದವರ ನೆಲೆಗಳಿವೆ, ಎಣ್ಣೆಹೊಂಡವಿದೆ, ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಜೋಗುಳಬಾವಿಯಿದೆ. ಉತ್ತರ ಕರ್ನಾಟಕದಿಂದಲೂ ಗಡಿಯಾಚೆಯ ಮಹಾರಾಷ್ಟ್ರದಿಂದಲೂ ಬರುವ ಭಕ್ತರು ಇಲ್ಲಿ ಮಿಂದು, ಬೇವಿನುಡಿಗೆ ಉಟ್ಟು, ಭಂಡಾರ ಹಚ್ಚಿಕೊಂಡು, ದೀಡ ನಮಸ್ಕಾರ ಹಾಕುತ್ತ, ‘ಉಧೋ ಉಧೋ’ ಎನ್ನುತ್ತ ಗುಡ್ಡವೇರುವ ಪದ್ಧತಿ ಬೆಳೆದುಬಂದಿದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಸ್ಥಳಗಳು ಬಿಡಿಬಿಡಿಯಾದ ತೀರ್ಥಗಳಲ್ಲ, ಕಥನದ ಘಟ್ಟಗಳು. ಬಾವಿಯಲ್ಲಿ ಮೀಯುವ ಭಕ್ತೆ ರೇಣುಕೆ ಮಿಂದುದನ್ನು ಮತ್ತೆ ಮಾಡುತ್ತಾಳೆ. ಹೀಗಾಗಿ ಎಲ್ಲಮ್ಮನ ಗುಡ್ಡವನ್ನು ಕಾಲ್ನಡಿಗೆಯಲ್ಲಿ ಓದುವ ಪಠ್ಯವೆಂದು ಕರೆಯಬಹುದು.

2. ಪುರಾಣದಲ್ಲಿ ಇಲ್ಲದ ರೋಗ

ರೇಣುಕೆಯ ಕಥೆ ಮಹಾಭಾರತದ ವನಪರ್ವದಲ್ಲಿಯೂ ಭಾಗವತದ ಒಂಬತ್ತನೆಯ ಸ್ಕಂಧದಲ್ಲಿಯೂ ಬರುತ್ತದೆ. ನೀರಿಗೆ ಹೋದ ರೇಣುಕೆ ಜಲಕ್ರೀಡೆಯಲ್ಲಿದ್ದ ಚಿತ್ರರಥನನ್ನು ಕಂಡು ಕ್ಷಣಕಾಲ ಮನಸೋಲುತ್ತಾಳೆ, ಜಮದಗ್ನಿ ಅದನ್ನು ಅರಿತು ಅವಳನ್ನು ಕೊಲ್ಲಲು ಮಕ್ಕಳಿಗೆ ಆಜ್ಞಾಪಿಸುತ್ತಾನೆ, ಹಿರಿಯ ಮಕ್ಕಳು ಒಪ್ಪುವುದಿಲ್ಲ, ಪರಶುರಾಮ ಕೊಲ್ಲುತ್ತಾನೆ, ತಂದೆ ಮೆಚ್ಚಿ ಕೊಟ್ಟ ವರದಿಂದ ತಾಯಿಯನ್ನು ಬದುಕಿಸಿಕೊಳ್ಳುತ್ತಾನೆ. ಎರಡೂ ಸಂಸ್ಕೃತ ಪಠ್ಯಗಳ ಸ್ಥೂಲ ಹಂದರ ಇಷ್ಟೆ. ಅಪರಾಧ ಮತ್ತು ಶಿಕ್ಷೆಯ ನಡುವೆ ಅಲ್ಲಿ ಬಿಡುವಿಲ್ಲ. ರೇಣುಕೆಗೆ ರೋಗ ಬರುವುದಿಲ್ಲ. ಆದ್ದರಿಂದ ಗುಣವಾಗುವ ಪ್ರಶ್ನೆಯೂ ಇಲ್ಲ.

ಸವದತ್ತಿಯ ಪರಿಸರದ ಮೌಖಿಕ ಕಥನ ಈ ಬಿಡುವಿನಲ್ಲೇ ತನ್ನ ಮುಖ್ಯ ಪ್ರಸಂಗವನ್ನು ಕಟ್ಟಿಕೊಂಡಿದೆ. ದಿನವೂ ಮರಳಿನ ಕೊಡ ಮಾಡಿ, ಹಾವನ್ನು ಸಿಂಬಿಯಾಗಿಸಿ ನೀರು ತರುತ್ತಿದ್ದ ರೇಣುಕೆಗೆ ಅಂದು ಕೊಡ ಕೂಡಿಬರುವುದಿಲ್ಲ. ಬರಿಗೈಯಲ್ಲಿ ಬಂದವಳನ್ನು ಜಮದಗ್ನಿ ಶಪಿಸುತ್ತಾನೆ. ಮೈತುಂಬ ತೊನ್ನು, ಹುಣ್ಣು ಎದ್ದು ಅವಳು ಅಡವಿಪಾಲಾಗುತ್ತಾಳೆ. ಅಲ್ಲಿ ಎಕ್ಕಯ್ಯ, ಜೋಗಯ್ಯ ಎಂಬ ಇಬ್ಬರು ಜೋಗಿಗಳು ಅವಳನ್ನು ಕಾಣುತ್ತಾರೆ. ಮೀಯಲು ಹೇಳುತ್ತಾರೆ, ಲಿಂಗವನ್ನು ಕೊಟ್ಟು ಪೂಜಿಸಲು ಹೇಳುತ್ತಾರೆ, ಊರಲ್ಲಿ ಜೋಗ ಬೇಡಿ ತಂದುದರಲ್ಲಿ ಅರ್ಧವನ್ನು ತಮಗೆ ಕೊಟ್ಟು ಉಳಿದುದನ್ನು ಬೆಲ್ಲ ಬೆರೆಸಿ ಅಟ್ಟುಣ್ಣಲು ಹೇಳುತ್ತಾರೆ. ಮೂರು ದಿನ ಹೀಗೆ ನಡೆದುಕೊಂಡ ರೇಣುಕೆಯ ಮೈ ತಿಳಿಯಾಗುತ್ತದೆ.

ಈ ಜೋಗಿಗಳು ಕೆಲವು ಪಾಠಗಳಲ್ಲಿ ಏಕನಾಥ, ಜೋಗಿನಾಥ ಎಂಬ ಹೆಸರುಗಳಿಂದ ಬರುತ್ತಾರೆ. ಹೆಸರು, ಲಿಂಗದೀಕ್ಷೆ, ಭಿಕ್ಷೆ ಈ ಮೂರೂ ನಾಥ-ಸಿದ್ಧ ಪರಂಪರೆಯ ಕಡೆಗೆ ಕೈತೋರುತ್ತವೆ. ಕರ್ನಾಟಕದಲ್ಲಿ ಆ ಪರಂಪರೆಯ ಹರಹು ಎಷ್ಟೆಂಬುದನ್ನು ರಹಮತ್ ತರೀಕೆರೆಯವರ ‘ಕರ್ನಾಟಕದ ನಾಥಪಂಥ’ ಕೃತಿ ತೋರಿಸಿದೆ. ಹಾಗಾದರೆ ಋಷಿಯ ಶಾಪವನ್ನು ಅಳಿಸಿದವರು ಆಶ್ರಮದ ಹೊರಗಿನ ಅಲೆಮಾರಿ ಸಾಧಕರು ಎಂದಾಯಿತು. ಕಥನ ಎರಡು ಅಧಿಕಾರಗಳನ್ನು ಎದುರುಬದುರು ನಿಲ್ಲಿಸಿ, ರೋಗವನ್ನು ಒಂದಕ್ಕೂ ಚಿಕಿತ್ಸೆಯನ್ನು ಇನ್ನೊಂದಕ್ಕೂ ವಹಿಸಿಕೊಟ್ಟಿದೆ.

3. ಚಿಕಿತ್ಸೆಯ ಸ್ವರೂಪ

ರೇಣುಕೆಯ ರೋಗ ಯಾವುದೆಂದು ಆಧುನಿಕ ವೈದ್ಯದ ಪರಿಭಾಷೆಯಲ್ಲಿ ಹುಡುಕುವುದು ಫಲಕಾರಿಯಲ್ಲ. ಆಯುರ್ವೇದದ ‘ಕುಷ್ಠ’ ಒಂದೇ ರೋಗದ ಹೆಸರಲ್ಲ; ಚರಕಸಂಹಿತೆ ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠಗಳನ್ನು ಎಣಿಸುತ್ತದೆ. ಜನಬಳಕೆಯಲ್ಲಿಯೂ ತೊನ್ನು, ಹುಣ್ಣು, ಕುಷ್ಠಗಳ ಗೆರೆಗಳು ಬೆರೆತುಹೋಗಿವೆ. ಹರಡದಿರುವ ತೊನ್ನಿಗೂ ಸೂಕ್ಷ್ಮಾಣುವಿನಿಂದ ಬರುವ, ಇಂದು ಔಷಧದಿಂದ ಪೂರ್ಣ ವಾಸಿಯಾಗುವ ಕುಷ್ಠರೋಗಕ್ಕೂ ವೈದ್ಯಕೀಯವಾಗಿ ಸಂಬಂಧವಿಲ್ಲ. ಆದರೆ ಸಾಮಾಜಿಕವಾಗಿ ಅವೆರಡಕ್ಕೂ ಸಿಕ್ಕ ಶಿಕ್ಷೆ ಒಂದೇ: ಮುಟ್ಟದಿರುವುದು, ಕೂಡಿ ಉಣ್ಣದಿರುವುದು, ಮನೆಯಿಂದ ಹೊರಗಿಡುವುದು. ಕಥನದ ಕಾಳಜಿಯಿರುವುದು ಈ ಶಿಕ್ಷೆಯ ಬಗೆಗೆ.

ಈ ಹಿನ್ನೆಲೆಯಲ್ಲಿ ಜೋಗಿಗಳು ಹೇಳಿದ ಮೂರು ಕ್ರಮಗಳನ್ನು ನೋಡಬೇಕು. ಮೀಯುವುದು ಮೈಗೆ ಸಂಬಂಧಿಸಿದ್ದು. ಪೂಜೆ ಮನಸ್ಸಿಗೆ ಸಂಬಂಧಿಸಿದ್ದು. ಜೋಗ ಊರಿಗೆ ಸಂಬಂಧಿಸಿದ್ದು. ಜೋಗ ಬೇಡಲು ಹೋದವಳು ಮನೆಬಾಗಿಲಲ್ಲಿ ನಿಲ್ಲಬೇಕು. ಒಳಗಿನವರು ಹೊರಬಂದು ಅವಳ ಪಡಲಗಿಗೆ ಹಾಕಬೇಕು. ತಂದುದನ್ನು ಹಂಚಿಕೊಂಡು ಉಣ್ಣಬೇಕು. ದೂರವಿಟ್ಟವರೇ ಕೈನೀಡುವಂತೆ ಮಾಡುವುದು ಇದರ ಮರ್ಮ. ಹುಣ್ಣು ಮಾಯುವುದು ಚಿಕಿತ್ಸೆಯ ಒಂದು ಭಾಗ. ಬಾಗಿಲು ತೆರೆಯುವುದು ಇನ್ನೊಂದು. ಇಂದಿಗೂ ಎಲ್ಲಮ್ಮನ ಒಕ್ಕಲಿನ ಮನೆಗಳಲ್ಲಿ ಮಂಗಳವಾರ, ಶುಕ್ರವಾರಗಳಂದು ಐದು ಮನೆ ಜೋಗ ಬೇಡುವ ರೂಢಿಯಿದೆ. ಉಳ್ಳವರ ಮನೆಯ ಹೆಣ್ಣುಮಕ್ಕಳೂ ಹರಕೆಯ ಜೋಗಕ್ಕೆ ನಿಲ್ಲುವುದನ್ನು ಈ ನೆಲೆಯಿಂದಲೇ ಅರ್ಥಮಾಡಿಕೊಳ್ಳಬೇಕು.

ಆದರೆ ಕಥನ ಇಲ್ಲಿಗೆ ಸುಖಾಂತವಾಗುವುದಿಲ್ಲ. ಮೈ ತಿಳಿಯಾಗಿ ಮರಳಿದ ರೇಣುಕೆಯನ್ನು ಕಂಡು ಜಮದಗ್ನಿಯ ಸಿಟ್ಟು ಮತ್ತೆ ಕೆರಳುತ್ತದೆ; ಶಿರಚ್ಛೇದನ ನಡೆಯುವುದು ಆಮೇಲೆ. ರೋಗ ಗುಣವಾದರೂ ಕಳಂಕ ಗುಣವಾಗಲಿಲ್ಲ. ಕಳಂಕವಿದ್ದುದು ರೇಣುಕೆಯ ಮೈಮೇಲಲ್ಲ, ಜಮದಗ್ನಿಯ ನೋಟದಲ್ಲಿ ಎಂಬ ಸತ್ಯವನ್ನು ಜನಪದ ಕಥನ ಘಟನೆಗಳ ಅನುಕ್ರಮದಿಂದಲೇ ಸೂಚಿಸಿದೆ. ಕೆಲವು ಪಾಠಗಳಲ್ಲಿ ರೇಣುಕೆ ಜೀವವುಳಿಸಿಕೊಳ್ಳಲು ಓಡುವುದು ಕೇರಿಯ ಮಾತಂಗಿಯ ಬಳಿಗೆ; ಪರಶುರಾಮನ ಕೊಡಲಿಗೆ ಇಬ್ಬರೂ ಬಲಿಯಾಗಿ, ಜೀವ ಬರಿಸುವಾಗ ತಲೆಗಳು ಅದಲುಬದಲಾಗುತ್ತವೆ. ಮೊದಲಿನ ಚಿಕಿತ್ಸೆ ಅವಳನ್ನು ಗಂಡನ ಮನೆಗೆ ಮರಳಿಸಿ ಸೋತಿತು. ಎರಡನೆಯ ಬಾರಿ ಎದ್ದವಳು ಮಡದಿಯಾಗಿ ಅಲ್ಲ, ದೇವಿಯಾಗಿ ಎದ್ದಳು. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯನ್ನು ರಂಡೆಹುಣ್ಣಿಮೆಯೆಂದು ಕರೆದು ಬಳೆ ತೆಗೆಯುವ ಆಚರಣೆ, ಅನಂತರದ ಮುತ್ತೈದೆ ಹುಣ್ಣಿಮೆಯಲ್ಲಿ ಬಳೆ ತೊಡುವ ಆಚರಣೆ, ಇವೆರಡೂ ಸೇರಿ ಈ ನೋವನ್ನು ವರ್ಷವರ್ಷವೂ ನೆನಪಿನಲ್ಲಿ ಇರಿಸಿವೆ.

4. ಕಾಡುವವಳು, ಕಾಯುವವಳು

ಭಕ್ತರ ನುಡಿಬಳಕೆ ಈ ಓದಿಗೆ ಮತ್ತಷ್ಟು ಆಧಾರ ಒದಗಿಸುತ್ತದೆ. ಉತ್ತರ ಕರ್ನಾಟಕದ ಆಡುನುಡಿಯಲ್ಲಿ ರೋಗಕ್ಕೆ ‘ಜಡ್ಡು’, ‘ಬ್ಯಾನಿ’ ಎಂಬ ಮಾತುಗಳಿವೆ. ‘ಬ್ಯಾನಿ ಬ್ಯಾಸರಿಕಿ’ ಎಂಬ ಜೋಡುನುಡಿ ಮೈಯ ನೋವನ್ನೂ ಮನಸ್ಸಿನ ದಣಿವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ರೋಗ ಬಿಡದೆ ಇದ್ದಾಗ ‘ದೇವಿ ಕಾಡುತ್ತಾಳೆ’ ಎನ್ನುವುದು ವಾಡಿಕೆ. ಬಿಟ್ಟಾಗ ‘ದೇವಿ ಕಾಯ್ದಳು’ ಎನ್ನುತ್ತಾರೆ. ‘ಕಾಡು’ ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಪೀಡಿಸು ಎಂಬ ಅರ್ಥದ ಜೊತೆಗೆ ಬಿಡದೆ ಬೇಡು ಎಂಬ ಛಾಯೆಯೂ ಇದೆ. ‘ಕಾಡಿ ಬೇಡಿ’ ಎಂಬ ಬಳಕೆಯನ್ನು ಗಮನಿಸಬಹುದು. ದೇವಿ ಕಾಡುವುದೆಂದರೆ ಏನನ್ನೋ ಬೇಡುತ್ತಿದ್ದಾಳೆ ಎಂದರ್ಥ. ಆಗ ರೋಗವು ಶಿಕ್ಷೆಯ ಸ್ಥಾನದಿಂದ ಕರೆಯ ಸ್ಥಾನಕ್ಕೆ ಸರಿಯುತ್ತದೆ. ರೋಗಿಗೆ ಇದರಿಂದ ಸಮಾಧಾನವೂ ಇದೆ: ತನ್ನನ್ನು ಜನ ದೂರವಿಟ್ಟಿದ್ದರೂ ದೇವಿ ಹೆಸರು ಹಿಡಿದು ಕರೆದಿದ್ದಾಳೆ, ಹಾಗೆ ಕರೆದವಳು ತಾನೂ ಈ ನೋವನ್ನು ಉಂಡವಳು.

ಆದರೆ ಕರೆಯನ್ನು ಬಿಡಿಸಿ ಹೇಳುವವರು ಯಾರು? ದೇವಿ ಬೇಡುವುದು ಏನನ್ನು? ಕೊಡಬೇಕಾದವರು ಯಾರು? ಸಮಸ್ಯೆ ಹುಟ್ಟುವುದು ಈ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳಲ್ಲಿ.

5. ಅರ್ಥದ ಪಲ್ಲಟ

ಮನೆಯಲ್ಲಿ ಜಡ್ಡು ಬಿಡದಿದ್ದಾಗ, ಗಂಡುಸಂತಾನವಿಲ್ಲದಾಗ ಅಥವಾ ಹುಡುಗಿಯ ತಲೆಯಲ್ಲಿ ಜಟೆ ಕಾಣಿಸಿಕೊಂಡಾಗ ಅದನ್ನು ಎಲ್ಲಮ್ಮನ ಕರೆಯೆಂದು ತಿಳಿದು ಹೆಣ್ಣುಮಗುವಿಗೆ ಮುತ್ತು ಕಟ್ಟುವ ಪದ್ಧತಿ ಬೆಳೆಯಿತು. ಹೀಗೆ ಮುತ್ತು ಕಟ್ಟಿಸಿಕೊಂಡವರಲ್ಲಿ ಹೆಚ್ಚಿನವರು ದಲಿತ ಕುಟುಂಬಗಳ ಹೆಣ್ಣುಮಕ್ಕಳು. ಭಕ್ತಿಯ ಹೆಸರಿನಲ್ಲಿ ಅವರಿಗೆ ಮದುವೆಯ ಹಕ್ಕು ತಪ್ಪಿತು. ಅನೇಕರು ಲೈಂಗಿಕ ಶೋಷಣೆಗೆ ಈಡಾದರು. ಬೆಳಗಾವಿ ಪ್ರದೇಶ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1934ರಲ್ಲಿಯೇ ಇದರ ವಿರುದ್ಧ ಕಾಯ್ದೆ ಬಂದಿತು. ಕರ್ನಾಟಕದ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ 1982ರದು. ಇನ್ನೊಂದು ರೇಣುಕಾ ಕ್ಷೇತ್ರವಾದ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೋಗಶಮನ, ಸಂತಾನ ಮೊದಲಾದ ಹರಕೆಗಳಿಗಾಗಿ ನಡೆಯುತ್ತಿದ್ದ ಬೆತ್ತಲೆ ಸೇವೆ 1986ರ ಸಂಘರ್ಷದ ಅನಂತರ ನಿಷೇಧಕ್ಕೆ ಒಳಗಾಯಿತು. ಜಟೆಯು ಕೂದಲು ತೊಳೆಯದೆ, ಬಾಚದೆ ಗಂಟಾಗುವುದರಿಂದ ಆಗುವಂಥದು, ಕತ್ತರಿಸಿದರೆ ಕೇಡಿಲ್ಲ. ಮಹಾರಾಷ್ಟ್ರದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಇದನ್ನು ಮನೆಮನೆಗೆ ಹೋಗಿ ತಿಳಿಹೇಳಿ ಜಟೆ ತೆಗೆಸಿದ್ದಾರೆ.

ಈ ಪದ್ಧತಿಯನ್ನು ಕಾನೂನು ಮತ್ತು ವಿಜ್ಞಾನಗಳ ನೆಲೆಯಿಂದ ಖಂಡಿಸಿದಷ್ಟೇ ಗಟ್ಟಿಯಾಗಿ ಕಥನದ ನೆಲೆಯಿಂದಲೂ ಪ್ರಶ್ನಿಸಲು ಸಾಧ್ಯವಿದೆ. ಎಲ್ಲಮ್ಮನ ಕಥನದಲ್ಲಿ ರೋಗ ಬಂದವಳೇ ಮಿಂದಳು, ರೋಗ ಬಂದವಳೇ ಜೋಗ ಬೇಡಿದಳು. ಅದೂ ಮೂರು ದಿನ. ತನ್ನ ಬದಲು ಇನ್ನೊಬ್ಬರನ್ನು ಅವಳು ಒಪ್ಪಿಸಲಿಲ್ಲ. ಜೋಗಿಗಳು ಅದನ್ನು ಕೇಳಲೂ ಇಲ್ಲ. ಮುತ್ತು ಕಟ್ಟುವಲ್ಲಿ ಈ ರಚನೆ ತಲೆಕೆಳಗಾಗುತ್ತದೆ. ರೋಗ ಒಬ್ಬರದು, ಜೋಗ ಇನ್ನೊಬ್ಬರದು. ಮೂರು ದಿನದ ವ್ರತ ಜೀವಮಾನದ ಬಂಧನವಾಗುತ್ತದೆ. ಹೊರಗಿಟ್ಟವಳನ್ನು ಒಳಗೆ ಕರೆತರಲು ಹುಟ್ಟಿದ ಆಚರಣೆ ಒಳಗಿದ್ದ ಮಗುವನ್ನು ಹೊರಗೆ ಹಾಕುತ್ತದೆ. ಜಮದಗ್ನಿಯ ಶಾಪಕ್ಕೆ ಎದುರಾಗಿ ನಿಂತ ಚಿಕಿತ್ಸೆ ಶಾಪದ ಕೆಲಸವನ್ನೇ ಮಾಡತೊಡಗಿದ್ದು ಇಲ್ಲಿಯ ದುರಂತ.

ಇದೇ ಕಥನದಿಂದ ಭಿನ್ನವಾದ ಇನ್ನೊಂದು ಕವಲು ಒಡೆದಿರುವುದನ್ನೂ ಮರೆಯಬಾರದು. ತಾಯಿಯನ್ನು ಕೊಲ್ಲಲೊಪ್ಪದ ಮಕ್ಕಳು ತಂದೆಯ ಶಾಪದಿಂದ ಗಂಡಸುತನ ಕಳೆದುಕೊಂಡರೆಂದು ಜನಪದ ಪಾಠಗಳು ಹೇಳುತ್ತವೆ. ಜೋಗಪ್ಪಂದಿರು ತಮ್ಮ ಮೂಲವನ್ನು ಈ ಪ್ರಸಂಗದಲ್ಲಿ ಗುರುತಿಸಿಕೊಳ್ಳುತ್ತಾರೆ. ಕುಟುಂಬ ರೋಗವೆಂದು ಕಂಡ ದೇಹಸ್ಥಿತಿಗೆ ಇಲ್ಲಿ ದೊರೆತದ್ದು ಚಿಕಿತ್ಸೆಯಲ್ಲ, ಸ್ಥಾನ. ಅದೂ ತಾಯಿಯ ಪಕ್ಷ ವಹಿಸಿದವರೆಂಬ ಗೌರವದೊಡನೆ. ಚೌಡಿಕೆ ಪದ, ಎಲ್ಲಮ್ಮನಾಟಗಳು ಈ ಸ್ಥಾನದಿಂದ ಬೆಳೆದ ಕಲೆಗಳು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪುರಸ್ಕೃತೆಯಾಗಿ ಮಂಜಮ್ಮ ಜೋಗತಿಯವರು ಪಡೆದ ಮನ್ನಣೆ ಈ ಪರಂಪರೆಗೂ ಸಂದದ್ದು. ಹಾಗೆಂದು ಜೋಗಪ್ಪಂದಿರ ಬಡತನ, ಅವಮಾನಗಳು ಅಳಿದವೆಂದಲ್ಲ. ಒಂದೇ ಕಥನ ಒಬ್ಬರಿಗೆ ಆಸರೆಯೂ ಇನ್ನೊಬ್ಬರಿಗೆ ಸಂಕೋಲೆಯೂ ಆಗಬಲ್ಲದು ಎಂಬುದಷ್ಟೇ ಇಲ್ಲಿ ಹೇಳಬೇಕಾದ ಮಾತು.

6. ಸಮಾರೋಪ

ಎಲ್ಲಮ್ಮನನ್ನು ಕುರಿತ ಬರವಣಿಗೆಯಲ್ಲಿ ಸಾಮಾನ್ಯವಾಗಿ ಎರಡು ಒಲವುಗಳು ಕಾಣುತ್ತವೆ. ಒಂದು, ಜನಪದ ನಂಬಿಕೆಯನ್ನು ಕೊಂಡಾಡುವ ಒಲವು. ಇನ್ನೊಂದು, ಅದನ್ನು ಮೌಢ್ಯವೆಂದು ತಳ್ಳಿಹಾಕುವ ಒಲವು. ಮೊದಲನೆಯದು ಮುತ್ತು ಕಟ್ಟಿಸಿಕೊಂಡ ಮಗುವನ್ನು ಕಾಣುವುದಿಲ್ಲ. ಎರಡನೆಯದು ಜೋಗುಳಬಾವಿಯಲ್ಲಿ ಮಿಂದು ಹಗುರಾದ ರೋಗಿಯನ್ನು ಕಾಣುವುದಿಲ್ಲ. ಕಥನ ಮತ್ತು ಆಚರಣೆಗಳನ್ನು ಒಂದೇ ಎಂದು ಭಾವಿಸುವುದು ಎರಡರಲ್ಲಿಯೂ ಇರುವ ದೋಷ. ಅವುಗಳ ನಡುವಿನ ಬಿರುಕನ್ನು ಗುರುತಿಸಿದಾಗ, ಆಚರಣೆಯನ್ನು ವಿಮರ್ಶಿಸಲು ಬೇಕಾದ ಮಾನದಂಡ ಕಥನದೊಳಗೇ ದೊರೆಯುತ್ತದೆ. ಹೊರಗಿನಿಂದ ಬಂದ ತೀರ್ಪಿಗೆ ಕಿವಿಗೊಡದ ಭಕ್ತರೂ ದೇವಿಯ ಕಥೆಯಿಂದಲೇ ಎದ್ದ ಪ್ರಶ್ನೆಗೆ ಕಿವಿಗೊಡಬಹುದು.

ಮೈಗೆ ಬಂದ ರೋಗಕ್ಕೆ ಆಸ್ಪತ್ರೆಯ ಔಷಧವೇ ದಾರಿ. ಅದಕ್ಕೆ ಹರಕೆ ಬದಲಾಗಲಾರದು. ಆದರೆ ರೋಗಿಯ ಮುಂದೆ ಮುಚ್ಚಿಕೊಂಡ ಬಾಗಿಲುಗಳನ್ನು ಔಷಧವೊಂದೇ ತೆರೆಯಲಾರದು ಎಂಬ ಅರಿವು ಎಕ್ಕಯ್ಯ, ಜೋಗಯ್ಯರ ಪ್ರಸಂಗದಲ್ಲಿದೆ. ಗಾಯಕಿಯರ ಚೌಡಿಕೆ ಪದಗಳಲ್ಲಿ ಈ ಪ್ರಸಂಗ ಎಷ್ಟು ಬಗೆಯಲ್ಲಿ ಬಂದಿದೆ, ಮುತ್ತು ಕಟ್ಟಿಸಿಕೊಂಡ ಹೆಂಗಸರು ಅದನ್ನು ಹೇಗೆ ಹಾಡುತ್ತಾರೆ, ಯಾವ ಸಾಲನ್ನು ಬಿಡುತ್ತಾರೆ, ಯಾವುದನ್ನು ಸೇರಿಸುತ್ತಾರೆ ಎಂಬುದರ ಪಾಠಾಂತರ ಅಧ್ಯಯನ ಈ ದಿಕ್ಕಿನಲ್ಲಿ ಆಗಬೇಕಾದ ಮುಂದಿನ ಕೆಲಸ. ಆ ಹಾಡುಗಾರ್ತಿಯರಲ್ಲಿ ಅನೇಕರಿಗೆ ಈಗ ವಯಸ್ಸಾಗಿದೆ. ಆದ್ದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.