ಮನೆಗೆಂದು ಒಂದು ಮೂಟೆ ಒಳ್ಳೆಯ ಕಾಫಿ

ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದ ನೆಂಟರೊಬ್ಬರು ಕಾಫಿಯ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು, ಅಂಗಳದ ತುಂಬ ಹರಡಿದ್ದ ಕಾಫಿ ಹಣ್ಣಿನ ಕಡೆ ನೋಡಿ, "ಇಷ್ಟು ಬೆಳೆಯುವ ನೀವು ಕುಡಿಯುವುದು ಇದನ್ನೇ?" ಎಂದು ಕೇಳಿದರು. ನಾವು ನಕ್ಕು ಸುಮ್ಮನಾದೆವು. ಆದರೆ ಪ್ರಶ್ನೆ ನ್ಯಾಯವಾದುದೇ ಆಗಿತ್ತು. ವಯನಾಡಿನಲ್ಲಿ ಕಾಫಿ ತೋಟವಿರುವ ನಮ್ಮಂಥ ಅನೇಕ ಮನೆಗಳ ಪದ್ಧತಿಯೇ ಹೀಗೆ: ಒಳ್ಳೆಯ ಮೂಟೆ ವ್ಯಾಪಾರಿಗೆ, ಗುಡಿಸಿ ಹೆಕ್ಕಿದ್ದು ಅಡಿಗೆಮನೆಗೆ. ಅದೂ ಮುಗಿದರೆ ಪೇಟೆಯಿಂದ ಚಿಕೋರಿ ಬೆರೆತ ಪುಡಿ.

ನಮ್ಮದೇ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇವೆ. ಒಂದು ವರ್ಷ ಜನವರಿಯಲ್ಲಿ ಕಾಲವಲ್ಲದ ಮಳೆ ಬಂತು. ಅರೆ ಒಣಗಿದ ಹಣ್ಣನ್ನು ಗುಡ್ಡೆ ಮಾಡಿ ಪ್ಲಾಸ್ಟಿಕ್ ಹೊದಿಸಿ ಮೂರು ದಿನ ಬಿಟ್ಟೆವು. ತೆರೆದಾಗ ಬಿಸಿ ಹಬೆಯೊಂದಿಗೆ ಬೂಷ್ಟಿನ ವಾಸನೆ. ವ್ಯಾಪಾರಿ ಮೂಸಿ ನೋಡಿ ಎರಡು ಮೂಟೆಗಳನ್ನು ಬೇಡವೆಂದು ಹಿಂದಕ್ಕೆ ಕಳಿಸಿದರು. "ಹಾಳಾಗುವುದೇಕೆ, ಮನೆಗಾಗುತ್ತದೆ" ಎಂದು ಅವನ್ನು ಅಟ್ಟಕ್ಕೇರಿಸಿದೆವು. ಆ ವರ್ಷವಿಡೀ ಸಕ್ಕರೆ ಹೆಚ್ಚು ಹಾಕಿ ಅದನ್ನೇ ಕುಡಿದೆವು. ಹಣ ಕೊಟ್ಟು ಕೊಳ್ಳುವವನು ಬೇಡವೆಂದದ್ದನ್ನು ನಮ್ಮ ಮನೆಯ ಹಿರಿಯರಿಗೆ ಕೊಟ್ಟೆವು. ಸರಿಯಾಗಿ ಒಣಗದ ಕಾಫಿಯಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಓಕ್ರಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತವೆ, ಅದು ಮೂತ್ರಪಿಂಡಕ್ಕೆ ಕೆಟ್ಟದ್ದು, ಹುರಿದರೆ ಕಡಿಮೆಯಾದರೂ ಪೂರ್ತಿ ಹೋಗುವುದಿಲ್ಲ ಎಂಬುದು ನಮಗೆ ತಿಳಿದದ್ದು ಆಮೇಲೆ.

ಆದುದರಿಂದ ಈ ಪಾಠದಲ್ಲಿ ನಾವು ಹೇಳಬೇಕೆಂದಿರುವುದು ಒಂದೇ ಮಾತು. ಪ್ರತಿ ವರ್ಷ ಕೊಯ್ಲಿನ ಅತ್ಯುತ್ತಮ ಭಾಗದಿಂದ ಒಂದು ಮೂಟೆಯನ್ನು ಮನೆಗೆಂದು ತೆಗೆದಿಡೋಣ. ಅದನ್ನು ನಾವೇ ಹುರಿದು, ನಾವೇ ಪುಡಿಮಾಡಿ ಕುಡಿಯೋಣ.

ಒಂದು ಮೂಟೆಯ ಲೆಕ್ಕ

ನಮ್ಮಲ್ಲಿ ಉಂಡಕಾಪ್ಪಿಯ ವ್ಯಾಪಾರ, ಅಂದರೆ ಸಿಪ್ಪೆಸಹಿತ ಒಣಗಿದ ಹಣ್ಣಿನ ವ್ಯಾಪಾರ, 54 ಕಿಲೋ ಮೂಟೆಯ ಲೆಕ್ಕದಲ್ಲಿ ನಡೆಯುತ್ತದೆ. ಮನೆಯಲ್ಲಿ ದೊಡ್ಡವರು ನಾಲ್ವರು, ಒಬ್ಬೊಬ್ಬರಿಗೆ ದಿನಕ್ಕೆ ಎರಡು ಲೋಟ ಎಂದಿಟ್ಟುಕೊಳ್ಳೋಣ. ಲೋಟಕ್ಕೆ ಸುಮಾರು 7 ಗ್ರಾಂ ಪುಡಿಯಂತೆ ದಿನಕ್ಕೆ 56 ಗ್ರಾಂ, ವರ್ಷಕ್ಕೆ ಹತ್ತಿರಹತ್ತಿರ 20 ಕಿಲೋ. ಹುರಿಯುವಾಗ ಬೀಜದ ತೂಕ ನೂರಕ್ಕೆ 15ರಿಂದ 20ರಷ್ಟು ಇಳಿಯುವುದರಿಂದ ಬೇಕಾಗುವ ಹಸಿ ಬೀಜ ಸುಮಾರು 25 ಕಿಲೋ. ಒಣಹಣ್ಣಿನ ಸಿಪ್ಪೆ ಬಿಡಿಸಿದರೆ ಸಿಗುವ ಬೀಜ ಸುಮಾರು ಅರ್ಧ ತೂಕ. ಹಾಗಾದರೆ ಬೇಕಾದದ್ದು 50 ಕಿಲೋ ಉಂಡಕಾಪ್ಪಿ. ಮೂಟೆಯಲ್ಲಿ ಉಳಿದ ನಾಲ್ಕು ಕಿಲೋ ನೆಂಟರಿಷ್ಟರಿಗೆ! ಅಂಗಡಿಯ ಪುಡಿಗೆ ವರ್ಷವಿಡೀ ಕೊಡುವ ಹಣವನ್ನು ಒಂದು ಚೀಟಿಯಲ್ಲಿ ಬರೆದು ಕೂಡಿಸಿ, ಒಂದು ಮೂಟೆಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಪ್ರತಿ ಮನೆಯೂ ತನ್ನ ಲೆಕ್ಕವನ್ನು ತಾನೇ ಮಾಡಬೇಕು.

ಹಣ್ಣಿನಿಂದಲೇ ಆರಂಭ

ಒಳ್ಳೆಯ ಕಾಫಿ ಫಿಲ್ಟರಿನಲ್ಲಿ ಹುಟ್ಟುವುದಿಲ್ಲ, ಗಿಡದಲ್ಲಿ ಹುಟ್ಟುತ್ತದೆ. ಮನೆಯ ಮೂಟೆಗೆ ಪೂರ್ತಿ ಕೆಂಪಾದ, ಬೆರಳಲ್ಲಿ ಒತ್ತಿದರೆ ಬೀಜ ಹೊರಬರುವ ಹಣ್ಣನ್ನೇ ಆರಿಸಬೇಕು. ಹಸಿರು ಕಾಯಿ ಬೆರೆತರೆ ಒಗರು, ಗಿಡದಲ್ಲೇ ಕಪ್ಪಾಗಿ ಒಣಗಿದ್ದು ಬೆರೆತರೆ ಹುಳಿವಾಸನೆ.

ಕೊಯ್ದ ಹಣ್ಣನ್ನು ಅದೇ ದಿನ ದೊಡ್ಡ ಪಾತ್ರೆಯ ನೀರಿಗೆ ಹಾಕಿ ಕೈಯಾಡಿಸಿ. ಜೊಳ್ಳು, ಹುಳು ಕೊರೆದದ್ದು ಬಹುಪಾಲು ಮೇಲೆ ತೇಲುತ್ತದೆ. ಅದನ್ನು ತೆಗೆದು ಬೇರೆಯಾಗಿಯೇ ಒಣಗಿಸಬೇಕು. ಕಾಯಿಕೊರಕ ಹುಳು ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಪಕ್ಕದ ಗೂಡಲೂರಿನಲ್ಲಿ, 1990ರಲ್ಲಿ. ಅಂದಿನಿಂದ ಅದು ನಮ್ಮ ತೋಟಗಳನ್ನು ಬಿಟ್ಟಿಲ್ಲ. ನೆಲಕ್ಕೆ ಉದುರಿದ ಹಣ್ಣನ್ನು ಹೆಕ್ಕಿ ತೋಟವನ್ನು ಶುಚಿಯಾಗಿಡುವುದು ಹುಳುವನ್ನು ಹತೋಟಿಯಲ್ಲಿಡಲು ಬಹಳ ಅಗತ್ಯ. ಆದರೆ ಹಾಗೆ ಹೆಕ್ಕಿದ್ದು ಮನೆಯವರ ಲೋಟಕ್ಕೆ ತಕ್ಕದ್ದಲ್ಲ.

ಒಣಗಿಸುವಾಗ ಬರಿಮಣ್ಣು ಬೇಡ. ಸಿಮೆಂಟ್ ಕಣ, ಇಲ್ಲವೇ ಶುಚಿಯಾದ ಟಾರ್ಪಾಲು ಆಗಬೇಕು. ನಾಲ್ಕು ಬೆರಳಿಗಿಂತ ದಪ್ಪವಾಗಿ ಹರಡಬಾರದು. ಹಗಲಲ್ಲಿ ಗಂಟೆಗೊಮ್ಮೆ ಕಾಲಾಡಿಸಿ ತಿರುವಬೇಕು. ಮೊದಲ ಕೆಲವು ದಿನ ಕಳೆದ ಮೇಲೆ ಸಂಜೆ ರಾಶಿ ಮಾಡಿ ಮಂಜು ಬೀಳದಂತೆ ಮುಚ್ಚಿ, ಬೆಳಗ್ಗೆ ಬಿಸಿಲೇರಿದ ಕೂಡಲೇ ಬಿಚ್ಚಬೇಕು. ಒಳ್ಳೆಯ ಬಿಸಿಲಿದ್ದರೆ 12ರಿಂದ 15 ದಿನದಲ್ಲಿ ಒಣಗುತ್ತದೆ. ಹಿಡಿಯಷ್ಟು ತೆಗೆದು ಕಿವಿಯ ಬಳಿ ಅಲುಗಿಸಿದರೆ ಬೀಜ ಗಲಗಲ ಸದ್ದು ಮಾಡಬೇಕು. ಅಳತೆಯ ಮಾತಿನಲ್ಲಿ ಹೇಳುವುದಾದರೆ ತೇವಾಂಶ ನೂರಕ್ಕೆ 11ಕ್ಕಿಂತ ಹೆಚ್ಚಿರಬಾರದು.

ಮೂಟೆಯನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿ. ಕಾಫಿ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುವ ಜಾತಿ. ಶುಂಠಿ, ಕರಿಮೆಣಸು, ಗೊಬ್ಬರ, ಔಷಧಿ ಡಬ್ಬಗಳ ಜೊತೆ ಅದನ್ನು ಇಡಲೇಬಾರದು. ಸಿಪ್ಪೆ ಬಿಡಿಸುವುದನ್ನು ಒಮ್ಮೆಗೇ ಮಾಡದೆ, ಎರಡು ಮೂರು ತಿಂಗಳಿಗೆ ಬೇಕಾದಷ್ಟು ಮಾತ್ರ ಮಿಲ್ಲಿನಲ್ಲಿ ಅಥವಾ ಒರಳಿನಲ್ಲಿ ಬಿಡಿಸಿಕೊಂಡರೆ ಬೀಜ ಸಿಪ್ಪೆಯೊಳಗೇ ಚೆನ್ನಾಗಿ ಉಳಿಯುತ್ತದೆ.

ಹುರಿಯುವ ಕ್ರಮ

ಹುರಿಯುವ ಮೊದಲು ಬೀಜವನ್ನು ಹಗಲು ಬೆಳಕಿನಲ್ಲಿ ತಟ್ಟೆಗೆ ಹರಡಿ, ಕಪ್ಪು ಬೀಜ, ತೂತು ಬಿದ್ದದ್ದು, ಬೂಷ್ಟು ಹಿಡಿದದ್ದನ್ನು ಆರಿಸಿ ತೆಗೆಯಿರಿ. ಇದು ಅಜ್ಜಿಯರೂ ಮಕ್ಕಳೂ ಕೂಡಿ ಮಾಡಬಹುದಾದ ಕೆಲಸ.

ದಪ್ಪ ತಳದ ಕಬ್ಬಿಣದ ಬಾಣಲೆ ಸಾಕು. ಒಂದು ಸಲಕ್ಕೆ ಕಾಲು ಕಿಲೋಗಿಂತ ಹೆಚ್ಚು ಬೇಡ. ಕಿಟಕಿ ತೆರೆದು, ಮಧ್ಯಮ ಉರಿಯಲ್ಲಿ ಕೈಬಿಡದೆ ಆಡಿಸಬೇಕು. ಹಸಿರು ಬೀಜ ಮೊದಲು ಹಳದಿಯಾಗಿ ಒಣಹುಲ್ಲಿನ ವಾಸನೆ ಕೊಡುತ್ತದೆ, ಬಳಿಕ ಕಂದು ಬಣ್ಣಕ್ಕೆ ತಿರುಗುತ್ತದೆ. ಸುಮಾರು ಹತ್ತು ಹನ್ನೆರಡು ನಿಮಿಷ ಕಳೆದಾಗ ಚಟಚಟನೆ ಸಿಡಿಯುವ ಸದ್ದು ಕೇಳುತ್ತದೆ. ಈ ಸದ್ದೇ ನಮ್ಮ ಗಡಿಯಾರ. ಸಿಡಿತ ನಿಂತ ಮೇಲೆ ಒಂದೆರಡು ನಿಮಿಷ ಬಿಟ್ಟು, ಬೀಜದ ಮೇಲೆ ಎಣ್ಣೆ ಜಿನುಗುವ ಮೊದಲೇ ಇಳಿಸಬೇಕು. ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೆ ಇನ್ನೂ ಕಪ್ಪಾಗುತ್ತದೆ. ಕೂಡಲೇ ಮೊರಕ್ಕೆ ಸುರಿದು ಕೇರಿ, ಗಾಳಿ ಹಾಕಿ ಆರಿಸಿ. ಹೊಟ್ಟೂ ಹಾರಿಹೋಗುತ್ತದೆ.

ನಮ್ಮ ಹಿಂದಿನವರಲ್ಲಿ ಕೆಲವರು ಕಾಫಿಯನ್ನು ಇದ್ದಿಲಿನಂತೆ ಕರಕಲು ಮಾಡುತ್ತಿದ್ದರು. ಕೆಟ್ಟ ಬೀಜದ ವಾಸನೆಯನ್ನು ಮುಚ್ಚಲು ಅದು ಉಪಾಯ. ಒಳ್ಳೆಯ ಬೀಜಕ್ಕೆ ಅದರ ಅಗತ್ಯವಿಲ್ಲ. ತುಪ್ಪ ಹಾಕಿ ಹುರಿಯುವುದೂ ಬೇಡ. ಜಿಡ್ಡು ಬೇಗ ಮುಗ್ಗಲು ಹಿಡಿಯುತ್ತದೆ.

ಹುರಿದ ಬೀಜ ಒಂದೆರಡು ದಿನ ಅನಿಲವನ್ನು ಹೊರಬಿಡುತ್ತಿರುತ್ತದೆ. ಆದ್ದರಿಂದ ಮೊದಲ ದಿನ ಮುಚ್ಚಳವನ್ನು ಸಡಿಲವಾಗಿಟ್ಟು, ಆಮೇಲೆ ಗಟ್ಟಿಯಾಗಿ ಮುಚ್ಚಿ ಬೆಳಕು ಬೀಳದ ಕಡೆ ಇಡಿ. ಇಡೀ ಬೀಜ ಎರಡು ಮೂರು ವಾರ ಚೆನ್ನಾಗಿರುತ್ತದೆ. ಪುಡಿಯಾದರೆ ಪರಿಮಳ ಕೆಲವೇ ದಿನಗಳಲ್ಲಿ ಹಾರಿಹೋಗುತ್ತದೆ. ಮಳೆಗಾಲದಲ್ಲಂತೂ ಪುಡಿ ತೇವ ಎಳೆದುಕೊಂಡು ಗಂಟು ಕಟ್ಟುತ್ತದೆ. ವಾರಕ್ಕೊಮ್ಮೆ ಹುರಿಯಿರಿ, ಎರಡು ದಿನಕ್ಕೊಮ್ಮೆ ಪುಡಿಮಾಡಿ.

ಪುಡಿ ಮತ್ತು ಫಿಲ್ಟರ್

ಹಳೆಯ ಮನೆಗಳಲ್ಲಿ ಮೇಜಿನಂಚಿಗೆ ಬಿಗಿದ ಕೈಮಿಷನ್ ಇರುತ್ತಿತ್ತು. ಅಟ್ಟದಲ್ಲಿದ್ದರೆ ಇಳಿಸಿ ತೊಳೆದು ಒಣಗಿಸಿ ಬಳಸಿ. ಅದು ಪುಡಿಯನ್ನು ಒಂದೇ ಹದಕ್ಕೆ ಬೀಸುತ್ತದೆ. ಮಿಕ್ಸಿಯಾದರೆ ಬಿಟ್ಟುಬಿಟ್ಟು ತಿರುಗಿಸಬೇಕು, ಒಂದೇ ಸಮನೆ ತಿರುಗಿಸಿದರೆ ಪುಡಿ ಬಿಸಿಯಾಗುತ್ತದೆ. ಮೆಣಸಿನಪುಡಿ ಮಾಡಿದ ಜಾರು ಖಂಡಿತ ಬೇಡ. ಫಿಲ್ಟರಿಗೆ ಪುಡಿ ಚಿರೋಟಿ ರವೆಯಂತಿರಬೇಕು. ಹಿಟ್ಟಿನಂತಾದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ, ತರಿಯಾದರೆ ನೀರು ಸರ್ರನೆ ಇಳಿದು ಸಪ್ಪೆಯಾಗುತ್ತದೆ.

ಮೂರು ಲೋಟ ಕಾಫಿಗೆ 20 ಗ್ರಾಂ, ಅಂದರೆ ಮೂರು ನಾಲ್ಕು ದೊಡ್ಡ ಚಮಚ ಪುಡಿಯನ್ನು ಮೇಲಿನ ಪಾತ್ರೆಗೆ ಹಾಕಿ ಸಮತಟ್ಟು ಮಾಡಿ, ಒತ್ತುಬಿಲ್ಲೆಯನ್ನು ಹಗುರವಾಗಿ ಇಡಿ. ನೀರು ಕುದಿದ ಮೇಲೆ ಇಳಿಸಿ, ಕ್ಷಣ ಬಿಟ್ಟು ಸುರಿಯಿರಿ. ನಮ್ಮ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುವುದರಿಂದ ಹೆಚ್ಚು ಕಾಯಬೇಕಾಗಿಲ್ಲ. ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ ಅರ್ಧ ನಿಮಿಷ ಬಿಡಿ, ಬಳಿಕ ಉಳಿದದ್ದು, ಒಟ್ಟು 150 ಮಿಲಿಲೀಟರ್. ಪುಡಿ ತನ್ನ ಎರಡರಷ್ಟು ನೀರನ್ನು ಹಿಡಿದುಕೊಂಡು ಸುಮಾರು 110 ಮಿಲಿಲೀಟರ್ ಡಿಕಾಕ್ಷನ್ ಕೊಡುತ್ತದೆ. ಇಳಿಯಲು ಹತ್ತರಿಂದ ಇಪ್ಪತ್ತು ನಿಮಿಷ ಹಿಡಿಯಬೇಕು. ಹಾಲನ್ನು ಬಿಸಿಮಾಡಿ ಬೆರೆಸಿ. ಡಿಕಾಕ್ಷನ್ನನ್ನು ಮತ್ತೆ ಕುದಿಸಬಾರದು, ಕಹಿಯಾಗುತ್ತದೆ. ಫಿಲ್ಟರಿನ ತೂತುಗಳು ಕಟ್ಟಿಕೊಂಡರೆ ಹುಣಿಸೆನೀರಿನಲ್ಲಿ ನೆನೆಸಿ ಬ್ರಷ್ಷಿನಿಂದ ಉಜ್ಜಿ.

ಚಿಕೋರಿಯ ಮಾತು

ಚಿಕೋರಿ ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲ. ಬಣ್ಣವನ್ನೂ ದಪ್ಪವನ್ನೂ ಕೊಡುತ್ತದೆ. ಅದು ವಿಷವಲ್ಲ. ಆದರೆ ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ರಷ್ಟಿದ್ದರೂ ಕಾನೂನಿಗೆ ಸಾಕು. ಅಂದರೆ ಪೊಟ್ಟಣದ ಅರ್ಧದಷ್ಟು ಬೇರಿನ ಪುಡಿಯೇ ಇರಬಹುದು. ಪೊಟ್ಟಣದ ಮೇಲಿನ ಬರಹವನ್ನು ಓದಿ ಕೊಳ್ಳಿ. ಮನೆಯಲ್ಲೇ ಪರೀಕ್ಷಿಸಲು, ಗಾಜಿನ ಲೋಟದ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಬಣ್ಣದ ಗೆರೆ ಎಳೆಯುತ್ತ ತಳಕ್ಕಿಳಿಯುತ್ತದೆ.

ಆರೋಗ್ಯದ ದೃಷ್ಟಿಯಿಂದ

ನಮ್ಮದು ರೊಬಸ್ಟಾ. ಇದರಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಲೋಟಕ್ಕೆ ಹಾಕುವ 7 ಗ್ರಾಂ ಪುಡಿಯಲ್ಲೇ ಸುಮಾರು 140 ಮಿಲಿಗ್ರಾಂ ಇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯಂತೆ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು. ಆದ್ದರಿಂದ ಚಿಕೋರಿ ಇಲ್ಲದ ಮನೆಯ ಕಾಫಿ ದಿನಕ್ಕೆ ಎರಡು ಲೋಟಕ್ಕೆ ನಿಲ್ಲಲಿ. ಚಹಾ ಕುಡಿದರೆ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಊಟದ ಹಿಂದುಮುಂದು ಒಂದು ಗಂಟೆ ಕಾಫಿ, ಚಹಾ ಬೇಡವೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಇವು ಆಹಾರದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತವೆ. ರಕ್ತಹೀನತೆಯಿರುವ ಹೆಂಗಸರು ಇದನ್ನು ಮುಖ್ಯವಾಗಿ ಗಮನಿಸಬೇಕು. ಗರ್ಭಿಣಿಯರು ದಿನಕ್ಕೆ ಒಂದು ಸಣ್ಣ ಲೋಟಕ್ಕಿಂತ ಹೆಚ್ಚು ಕುಡಿಯದೆ ವೈದ್ಯರ ಮಾತು ಕೇಳುವುದು ಕ್ಷೇಮ. ಚಿಕ್ಕ ಮಕ್ಕಳಿಗೆ ಹಾಲೇ ಸಾಕು. ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿರುವುದರಿಂದ, ನಿದ್ದೆ ಬಾರದವರು ಸಂಜೆಯ ಲೋಟವನ್ನು ಬಿಡಬೇಕು. ಬಾಯಿ ಸುಡುವಷ್ಟು ಬಿಸಿಯೂ ಒಳ್ಳೆಯದಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ತಿಳಿಸಿದೆ. ಕೊಲೆಸ್ಟರಾಲ್ ಹೆಚ್ಚಿರುವವರು ಪುಡಿಯನ್ನು ನೀರಿನಲ್ಲೇ ಕುದಿಸಿದ ಕಾಫಿಯನ್ನು ದಿನವೂ ಕುಡಿಯಬಾರದು.

ಲೋಟವೇ ಪಾಠಶಾಲೆ

1996ಕ್ಕೆ ಮುಂಚೆ ಬೆಳೆಗಾರರ ಕಾಫಿ ಮಂಡಳಿಯ ಒಂದೇ ಪೂಲಿಗೆ ಸೇರುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಯಾರ ಕಾಫಿ ಹೇಗಿತ್ತೆಂದು ಕುಡಿಯುವವನಿಗೆ ಗೊತ್ತಾಗುತ್ತಿರಲಿಲ್ಲ. ಈಗ ಮಾರುವ ಸ್ವಾತಂತ್ರ್ಯ ನಮ್ಮದು. 2019ರಲ್ಲಿ ವಯನಾಡು ರೊಬಸ್ಟಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ತಾನು ಬೆಳೆದದ್ದರ ರುಚಿಯೇ ತಿಳಿಯದವನು ಆ ಹೆಸರನ್ನು ಹೇಗೆ ಉಳಿಸಿಯಾನು? ಹಸಿರು ಕಾಯಿ ಬೆರೆತ ಒಗರನ್ನು, ಗುಡ್ಡೆ ಹಾಕಿದ ಬೂಷ್ಟನ್ನು ನಮ್ಮ ನಾಲಿಗೆಯೇ ಗುರುತಿಸಿದ ಮೇಲೆ ಮುಂದಿನ ಕೊಯ್ಲಿನಲ್ಲಿ ಕೈ ತಾನಾಗಿ ಎಚ್ಚರವಾಗುತ್ತದೆ. ನಮ್ಮ ಮನೆಯಲ್ಲಿ ಆದದ್ದೂ ಇದೇ. ಮೊದಲು ಒಂದು ಮೂಟೆಗೆಂದು ತೋರಿದ ಎಚ್ಚರ, ಈಗ ಎಲ್ಲ ಮೂಟೆಗಳಿಗೂ ಹಬ್ಬಿದೆ.

ಮುಂದಿನ ಕೊಯ್ಲು ಆರಂಭವಾದಾಗ, ಮೊದಲ ಒಳ್ಳೆಯ ಕೆಂಪು ಹಣ್ಣಿನ ದಿನವೇ ಕಣದ ಒಂದು ಮೂಲೆಯನ್ನು ಮನೆಗೆಂದು ಗೆರೆ ಎಳೆದು ಬೇರೆಮಾಡಿ. ಮೂಟೆಯ ಮೇಲೆ ಇದ್ದಿಲಿನಿಂದ "ಮನೆಗೆ" ಎಂದು ಬರೆಯಿರಿ. ಬೆಲೆ ಎಷ್ಟೇ ಏರಿದರೂ ಅದನ್ನು ಮಾರಬೇಡಿ.

ನೆನಪಿನಲ್ಲಿಡಬೇಕಾದವು:

1. ಕೆಂಪು ಹಣ್ಣು ಮಾತ್ರ. ತೇಲಿದ್ದು ಮತ್ತು ಉದುರಿದ್ದು ಬೇರೆ.
2. ಬರಿಮಣ್ಣಿನ ಮೇಲೆ ಒಣಗಿಸಬಾರದು. ಅರೆ ಒಣಗಿದ್ದನ್ನು ಗುಡ್ಡೆ ಹಾಕಿ ಬಿಡಬಾರದು.
3. ಬೂಷ್ಟು ಹಿಡಿದದ್ದು ವ್ಯಾಪಾರಿಗೂ ಬೇಡ, ಮನೆಗೂ ಬೇಡ.
4. ವಾರಕ್ಕೊಮ್ಮೆ ಹುರಿಯುವುದು, ಎರಡು ದಿನಕ್ಕೊಮ್ಮೆ ಪುಡಿ.
5. ದಿನಕ್ಕೆ ಎರಡು ಲೋಟ, ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ.