ಖಾತೆ ಬಿಚ್ಚಿಟ್ಟ ಸಾವ್ಕಾರ್ರು

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರ ಬಳಿ ನಾನು ಲೆಕ್ಕ ಬರೆಯುತ್ತೇನೆ. ಸಾವ್ಕಾರ್ರು ನೂಲು, ರೇಷ್ಮೆ ಕೊಡುತ್ತಾರೆ. ನೇಕಾರರು ಮನೆಯ ಮಗ್ಗದಲ್ಲಿ ನೇಯ್ದು ತಂದು ಮಜೂರಿ ಒಯ್ಯುತ್ತಾರೆ. ಇಂಥ ಸಣ್ಣ ದಂಧೆಯಲ್ಲಿ ದುಡಿಯುವವರ ಎದೆಗಾರಿಕೆ ಮಾಲೀಕರ ನಡತೆಯಿಂದಲೇ ಬೆಳೆಯುತ್ತದೆ ಎಂಬುದು ನನಗೆ ಮನದಟ್ಟಾದದ್ದು ಕೊರೊನಾ ಕಾಲದಲ್ಲಿ.

2020ರ ಮಾರ್ಚ್ 25ರಿಂದ ಇಡೀ ದೇಶಕ್ಕೆ ಬೀಗ ಬಿತ್ತು. ಮದುವೆ ಹಂಗಾಮು ಕೈತಪ್ಪಿತು. ನಿರ್ಬಂಧ ತುಸು ಸಡಿಲಾದ ಕೂಡಲೇ ಸಾವ್ಕಾರ್ರು ನೇಕಾರರನ್ನು ನಾಲ್ಕೈದು ಮಂದಿಯಂತೆ ಕರೆಸಿ, ಅವರೆದುರು ನನ್ನಿಂದ ಖಾತೆ ಪುಸ್ತಕ ಓದಿಸಿದರು. ಮಾರಾಟವಾಗದ ಸೀರೆಯೆಷ್ಟು, ಬರಬೇಕಾದ ಬಾಕಿಯೆಷ್ಟು, ಬ್ಯಾಂಕಿನಲ್ಲಿ ಉಳಿದದ್ದೆಷ್ಟು, ಒಂದನ್ನೂ ಮುಚ್ಚಿಡಲಿಲ್ಲ. "ಇರೂದು ಇಷ್ಟ ನೋಡ್ರಿ. ಹಂಚ್ಕೊಂಡು ಉಣ್ಣೂಣು. ನಿಮ್ಮ ಪಾಲು ಕೊಟ್ಟ ಮ್ಯಾಲೇನ ನಾ ಮನಿಗೆ ಒಯ್ಯಾಂವ" ಅಂದರು.

ಮಜೂರಿ ಅರ್ಧಕ್ಕಿಳಿಯಿತು, ಆದರೆ ನಿಲ್ಲಲಿಲ್ಲ. ಮುಂಗಡದ ಕಡಿತ ನಿಲ್ಲಿಸಿದರು. ಕಂಡಿಕೆ ಸುತ್ತುವ ಹೆಣ್ಣುಮಕ್ಕಳ ಹಣವನ್ನು ಬೇರೆಯಾಗಿ ಬರೆಸಿ ಅವರ ಕೈಗೇ ಕೊಡಿಸಿದರು. ಮುಂದೇನು ಎಂಬ ಅಂಜಿಕೆ ಹಸಿವಿನಷ್ಟೇ ದೊಡ್ಡದು. ಲೆಕ್ಕ ತಿಳಿದ ಮೇಲೆ ಅದು ಹಿಡಿತಕ್ಕೆ ಬಂತು. ಮಾರುಕಟ್ಟೆ ತೆರೆಯುವ ಹೊತ್ತಿಗೆ ನಮ್ಮ ಬಹುತೇಕ ಮಗ್ಗಗಳಲ್ಲಿ ಹಾಸು ಸಿದ್ಧವಿತ್ತು.

ಸಾವ್ಕಾರ್ರ ಮಾತನ್ನು ಜನ ನಂಬಿದ್ದಕ್ಕೆ ಹಳೆಯ ಕಾರಣವಿದೆ. ನಮ್ಮೂರಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಆ ಜೋಳಿಗೆಗೆ ತಮ್ಮ ತಂಬಾಕಿನ ಚಟ ಹಾಕಿದ ಮೇಲೆಯೇ ಸಾವ್ಕಾರ್ರು ನೇಕಾರರಿಗೆ ಕುಡಿತ ಬಿಡಿ ಎಂದದ್ದು. ಬಿಟ್ಟು ಮತ್ತೆ ಕುಡಿದವನಿಗೆ ನೂಲು ಕೊಡುವುದನ್ನು ನಿಲ್ಲಿಸಲಿಲ್ಲ. ಅವನ ಮನೆಗೆ ಹೋಗಿ ಕೂತು ಮಾತಾಡಿದರು.

ಇಂಥ ನಡತೆ ನನಗೆ ಆಧ್ಯಾತ್ಮಿಕ ನಾಯಕತ್ವದ ಮಾತನ್ನು ನೆನಪಿಸುತ್ತದೆ. ಅದರ ಸಿದ್ಧಾಂತವನ್ನು 2003ರಲ್ಲಿ ಮಂಡಿಸಿದ ಅಮೆರಿಕದ ಲೂಯಿಸ್ ಫ್ರೈ ಮುನ್ನೋಟ, ಭರವಸೆ, ನಿಸ್ವಾರ್ಥ ಪ್ರೀತಿ ಎಂಬ ಮೂರನ್ನು ಮುಂದಿಟ್ಟರು. ನಾನು ಕಂಡಂತೆ ಪ್ರೀತಿಯೇ ಮೊದಲು. ಅದು ನಡೆಯಲ್ಲಿ ಕಂಡ ಮೇಲೆಯೇ ಜನ ಭರವಸೆಯ ಮಾತಿಗೆ ಕಿವಿಗೊಡುತ್ತಾರೆ.

ಸಣ್ಣ ಉದ್ಯಮ ನಡೆಸುವವರಿಗೆ ನನ್ನ ವಿನಂತಿ ಇಷ್ಟೆ. ಒಳ್ಳೆಯ ದಿನಗಳಲ್ಲೇ ಲೆಕ್ಕ ತೋರಿಸಿ. ಬಿಡಬೇಕಾದದ್ದನ್ನು ಮೊದಲು ನೀವು ಬಿಡಿ. ನಷ್ಟ ಬಂದರೆ ಮೊದಲ ಪಾಲು ನೀವೇ ಹೊರಿ. ನಿಮ್ಮವರು ಎಂಥ ಕಷ್ಟದಲ್ಲೂ ನಿಮ್ಮ ಜೊತೆ ನಿಲ್ಲುತ್ತಾರೆ.